ಕೀಬೋರ್ಡಿನ ಕೆಳಗಿನ ಪುಡಿ

ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ನಮಸ್ಕಾರ.

ಚಾರ್ಜರ್ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಆನ್ ಮಾಡಿದರೆ ಒಂದೇ ಸಮನೆ ಬೀಪ್ ಎಂದು ಕೂಗಿ ಕಪ್ಪು ಪರದೆಯಲ್ಲೇ ನಿಂತುಬಿಡುವುದಕ್ಕೆ ಕಾರಣ ಸಿಕ್ಕಿತೆಂದಿರಿ. ಒಂದು ಕೀ ಒತ್ತಿಕೊಂಡೇ ಉಳಿದಿದೆ, ಅದರಡಿ ಬಿಸ್ಕತ್ತಿನ ಪುಡಿ ತುಂಬಿದೆ. “ಒಳಗೊಂದು ಬೇಕರಿನೇ ಇಟ್ಟಿದೀರಲ್ಲ ಮೇಡಂ! ಬ್ರಶ್ ಹಾಕಿ ಕ್ಲೀನ್ ಮಾಡ್ಬಿಡ್ತೀನಿ, ಸರಿಹೋಗುತ್ತೆ” ಎಂದು ನಕ್ಕಿರಿ. ನಾನೂ ನಕ್ಕೆ.

ಆ ಲ್ಯಾಪ್‌ಟಾಪ್ ನನ್ನ ಮಗಳದು. “ಅದರ ಮೇಲೆ ಇಟ್ಕೊಂಡು ತಿನ್ಬೇಡ ಕಣೇ, ಹಾಳಾಗುತ್ತೆ” ಎಂದು ಗದರಿದರೆ, “ಅದಕ್ಕೂ ಹಸಿವಾಗುತ್ತಮ್ಮಾ” ಎನ್ನುತ್ತಿದ್ದಳು. ಹೋದ ತಿಂಗಳು ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ.

ದಯವಿಟ್ಟು ಬ್ರಶ್ ಹಾಕಬೇಡಿ. ಬೇರೆ ಕೀಬೋರ್ಡ್ ಹಾಕಿ, ಹಳೆಯದನ್ನು ಕೊಡವದೆ, ಇದ್ದ ಹಾಗೇ ಕಾಗದದಲ್ಲಿ ಸುತ್ತಿಡಿ. ನಾನೇ ಬಂದು ಒಯ್ಯುತ್ತೇನೆ. ಅವಳು ಹೋದ ಮರುದಿನ, ಏನು ಮಾಡುವುದೆಂದು ತೋಚದೆ, ಅವಳ ಕೋಣೆಯನ್ನು ಒಂದು ಮೂಲೆಯೂ ಬಿಡದಂತೆ ಗುಡಿಸಿ ಒರೆಸಿಬಿಟ್ಟಿದ್ದೇನೆ.

ಇಂತಿ,
ಅವಳ ಅಮ್ಮ