ಗೂಟದಲ್ಲಿ ಬಿಟ್ಟು ಹೋದ ಕರಡಿಗೆ

ಗುಂಡ್ಲುಪೇಟೆ, ಸೋಮವಾರ

ಹರವೆಯ ಅಕ್ಕನ ಮನೆಯಲ್ಲಿ ಪಥ್ಯಕ್ಕೆ ಕೂತಿರುವ ನಮ್ಮ ಯಜಮಾನರಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀರಿ. ಅದಕ್ಕೇ ನಿಮ್ಮ ಬಟ್ಟೆಯ ಚೀಲದಲ್ಲಿ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ.

ನಿಮ್ಮ ಲಿವರಿಗೆ ಕೊಬ್ಬು ಕಟ್ಟಿದ್ದು ನನ್ನ ಒಗ್ಗರಣೆಯಿಂದ ಎಂದು ಊರಿಗೆಲ್ಲ ಹೇಳಿದ್ದೀರಂತೆ. ನಿಮ್ಮ ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಎಣ್ಣೆ ಸುರ್ದು ಸುರ್ದು ನನ್ ತಮ್ಮುನ್ನ ಆಳ್ ಮಾಡ್ಬುಟ್ಯಲ್ಲಮ್ಮಿ" ಅಂದರು. ಅದೇ ಒಗ್ಗರಣೆ ತಿನ್ನುವ ನಾನು, ಮಕ್ಕಳು ಗಟ್ಟಿಯಾಗಿಯೇ ಇದ್ದೇವೆ.

ಸ್ಕ್ಯಾನ್ ಆದ ದಿನ ಡಾಕ್ಟರ ಮುಂದೆ ಎದೆಯುಬ್ಬಿಸಿ, "ನಾವು ಲಿಂಗ ಕಟ್ಟೋರು ಸಾರ್, ಬಾಡು ಮುಟ್ಟಲ್ಲ, ಕೊಬ್ಬು ಎಲ್ಲಿಂದ ಬತ್ತದೆ?" ಎಂದಿರಿ. ಬಾರಿಗೆ ಹೋಗಿ ಕುಡಿಯುವ ಮಾತೇ ಎತ್ತಲಿಲ್ಲ. ನೀವು ಎದ್ದು ಹೋದ ಮೇಲೆ ನಾನೇ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಬ್ರಾಂದಿ ಒಳಗೆ ಬಿದ್ದರೆ ಲಿವರು ಉಳಿದ ಕೆಲಸ ಬಿಟ್ಟು ಮೊದಲು ಆ ವಿಷವನ್ನು ಕರಗಿಸಲು ಕೂರುತ್ತದಂತೆ. ಆಗ ಕರಗಬೇಕಾದ ಕೊಬ್ಬು ಅಲ್ಲೇ ಉಳಿಯುತ್ತದೆ, ಕುಡಿದದ್ದರಿಂದ ಹೊಸ ಕೊಬ್ಬೂ ಹುಟ್ಟಿ ಅದರ ಜೊತೆ ಸೇರುತ್ತದೆ. ಈಗಲೇ ಬಿಟ್ಟರೆ ಇಳಿಯುತ್ತದೆ ಎಂದರು.

ಲಿಂಗಕ್ಕೆ ಮೈಲಿಗೆಯಾಗಬಾರದೆಂದು, ಬಾರಿಗೆ ಹೊರಡುವ ಮುಂಚೆ ಕೊರಳಿನಲ್ಲಿ ಲಿಂಗವಿರುವ ಕರಡಿಗೆ ಬಿಚ್ಚಿ ದೇವರಮನೆಯ ಗೂಟಕ್ಕೆ ನೇತುಹಾಕುವುದು ನಿಮ್ಮ ಪದ್ಧತಿ. ಹರವೆಗೆ ಹೋಗುವಾಗಲೂ ಅದನ್ನು ಅಲ್ಲೇ ಬಿಟ್ಟು ಹೋಗಿದ್ದೀರಿ. ಅಲ್ಲಿ ನಡೆದಿರುವ ಪಥ್ಯ ಎಂಥದೆಂದು ಗೊತ್ತಾಯಿತು.

ಕರಡಿಗೆ ಚೀಲದ ತಳದಲ್ಲಿದೆ, ಕಟ್ಟಿಕೊಳ್ಳಿ. ಆಗದಿದ್ದರೆ ಮನೆಗೆ ಬಂದು ಆ ಲಿವರನ್ನೂ ಬಿಚ್ಚಿ ಅದೇ ಗೂಟಕ್ಕೆ ಹಾಕಿ ಹೋಗಿ.

ಇಂತಿ,
ಎಣ್ಣೆ ಸುರಿದವಳು,
ಚೆನ್ನಾಜಮ್ಮ