ಗದ್ದುಗೆ ಏರಿದ ಬಿಸಿಲಿನ ಬಿಲ್ಲೆ

ಅಪ್ಪನಿಗೆ, ನಿನ್ನ ವಾದಗಿತ್ತಿ ಮಗಳು ಬರೆಯುವುದು.

ಚೆನ್ನಾಗಿದ್ದೀಯಾ ಎಂದು ಕೇಳಿದರೆ ನಗುತ್ತೀಯ. ಆದರೂ ಕೇಳುತ್ತೇನೆ. ಅಲ್ಲಿಯೂ ಕುರಿಗಳ ಹಿಂದೆಯೇ ಓಡಾಡುತ್ತೀಯಾ, ಅಥವಾ ಒಂದು ಗಳಿಗೆ ಕೂರುತ್ತೀಯಾ?

ಆ ಬೇಸಿಗೆ ನೆನಪಿದೆಯಾ? ದುರ್ಗದ ಕಾಲೇಜಿನಲ್ಲಿ ನನ್ನ ಬಿ.ಎಸ್ಸಿ. ಮುಗಿದಿತ್ತು. ಮೈಸೂರಿಗೆ ಹೋಗಿ ಮುಂದೆ ಓದಬೇಕೆಂದು ನಾನು. ಮದುವೆ ಮಾಡಿ ಕೈತೊಳೆದುಕೊಳ್ಳಬೇಕೆಂದು ನಿನ್ನಣ್ಣ, ನಮ್ಮ ದೊಡ್ಡಪ್ಪ. ಹಟ್ಟಿಯಲ್ಲಿ ಅವನ ಮಾತು ಮೀರಿದವರುಂಟೇ? ಅಷ್ಟು ಓದಿ ಏನು ಕಲಿತಳೋ ತೋರಿಸಲಿ, ಆಮೇಲೆ ನೋಡೋಣ ಎಂದುಬಿಟ್ಟ. ನಾನೂ ಬಿಡಲಿಲ್ಲ. ಮೇಷ್ಟ್ರನ್ನು ಕಾಡಿ ಬೇಡಿ ಕಾಲೇಜಿನ ಬಿಲ್ಲೆಯಂಥ ಸೋಲಾರ್ ಸೆಲ್ ಒಂದನ್ನೂ ವೋಲ್ಟ್ ಮೀಟರನ್ನೂ ತುರುವನೂರು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ.

ನೀನು ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ್ದೇ ನೋಡಿದ್ದು. ಸೂರ್ಯನ ಕಡೆಯದು, ಬರಿ ನೆಲದ ಮೇಲೆ ಕೂರಿಸುವುದುಂಟೇ ಎಂದು ಅಂಗಳದಲ್ಲಿ ಕರಿ ಕಂಬಳಿ ಮಡಿಸಿ ಗದ್ದುಗೆ ಹಾಸಿದೆ, ದೇವರಿಗೆ ಹಾಸುವ ಹಾಗೆ. ನಾನು ಪಾಠ ಶುರುಮಾಡಿದೆ. ಇದು ಸಿಲಿಕಾನ್, ಮರಳಿನಿಂದ ತೆಗೆದದ್ದು. ಬೆಳಕು ಬಿದ್ದರೆ ಒಳಗಿನ ಎಲೆಕ್ಟ್ರಾನುಗಳು ಕಟ್ಟು ಬಿಡಿಸಿಕೊಳ್ಳುತ್ತವೆ. ಎರಡು ಪದರಗಳ ನಡುವಿನ ಗಡಿ ಅವನ್ನು ಒಂದೇ ಕಡೆಗೆ ಅಟ್ಟುತ್ತದೆ, ದೊಡ್ಡಿ ಬಾಗಿಲಲ್ಲಿ ನೀನು ಕುರಿ ಅಟ್ಟುವಂತೆ. ಆ ಓಟವೇ ಕರೆಂಟು. ಮೀಟರಿನ ಮುಳ್ಳು ಎದ್ದಿತು. ಆಗ ನಿನ್ನ ಮುಖ ನೋಡಬೇಕಿತ್ತು!

ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಕರಿ ಉಣ್ಣೆ ಬಿಸಿಲು ಕುಡಿದು ಕಾದ ಹೆಂಚಾಗಿತ್ತು. ಬಿಲ್ಲೆಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬಿಸಿಯೇರಿದರೆ ಅದರ ಶಕ್ತಿ ಇಳಿಯುತ್ತದೆ. ಕಂಬಳಿ ತೆಗೆಯಿರಿ ಎಂದೆ. ಅಂಗಳದಲ್ಲಿ ನೆರೆದಿದ್ದ ಹಟ್ಟಿಯವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಹಾಸಿದ ಗದ್ದುಗೆಯನ್ನು ಪೂಜೆ ಮುಗಿಯದೆ ಎಳೆದರೆ ಮನೆತನಕ್ಕೆ ಕೇಡೆಂಬುದು ನಮ್ಮ ಹಟ್ಟಿಯ ನಂಬಿಕೆಯಲ್ಲವೇ? ದೊಡ್ಡಪ್ಪ ಮೀಸೆಯಲ್ಲೇ ನಕ್ಕ.

"ಹೆಣ್ಣುಡ್ಗಿ ಮಾತಿಗೆ ಗದ್ದಿಗೆ ಎಳೀತೀಯೇನ್ಲೇ?" ಎಂದು ನಿನ್ನನ್ನು ಕೇಳಿದ.

ನೀನು ಎದ್ದೆ.

"ಓದಿದೋಳು ಅವಳು. ಅವಳು ಹೇಳಿದ್ರೆ ಸರಿ ಇರ್ತೈತೆ" ಎಂದು ಕಂಬಳಿ ಎಳೆದೇಬಿಟ್ಟೆ.

ನಾನು ತಣ್ಣೀರಿನ ಬೋಗುಣಿಯಲ್ಲಿ ತಟ್ಟೆ ತೇಲಿಬಿಟ್ಟು, ಅದರ ಮೇಲೆ ಬಿಲ್ಲೆ ಇಟ್ಟೆ. ಮುಳ್ಳು ಮತ್ತೆ ಏರಿತು. ಏರದೇ ಹೋಗಿದ್ದರೆ? ಅದನ್ನು ನೆನೆದರೆ ಈಗಲೂ...

ಮೈಸೂರಿಗೆ ನೀನೇ ಬಂದು ಬಿಟ್ಟುಹೋದೆ. ನಾನು ಅಲ್ಲಿರುವಾಗಲೇ ನೀನು ಕಣ್ಮುಚ್ಚಿದೆ. ನನ್ನ ಓದು ಮುಗಿದದ್ದನ್ನು ನೀನು ನೋಡಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ, ಅಪ್ಪ.

ಈಗ ದುರ್ಗದ ಕಾಲೇಜಿನಲ್ಲಿ ನಾನೇ ಮೇಡಮ್ಮು. ಆಕಾಶದ ಉಪಗ್ರಹಗಳಿಗಷ್ಟೇ ಎನ್ನುತ್ತಿದ್ದ ಬಿಲ್ಲೆ ನೆಲಕ್ಕಿಳಿದಿದೆ. ಹೊರದೇಶಗಳಲ್ಲಿ ನಡುಗಡಲಿನ ದೀಪಗಳಿಗೆ, ತಂತಿ ಎಳೆಯಲಾಗದ ಬೆಟ್ಟಗಳ ಟೆಲಿಫೋನಿಗೆ ಹಾಕುತ್ತಿದ್ದಾರಂತೆ. ನಮ್ಮ ದೇಶದಲ್ಲೂ ಮಾಡತೊಡಗಿದ್ದಾರೆ. ಬೆಲೆ ಮಾತ್ರ ಕೇಳಬೇಡ, ಎದೆ ಒಡೆದುಕೊಂಡೀಯ.

ಮೊನ್ನೆ ದೊಡ್ಡಪ್ಪ ಬಂದಿದ್ದ, ಮೊಮ್ಮಗಳನ್ನು ಕರೆದುಕೊಂಡು. ಮಳೆ ಬೆಳೆ ಎಲ್ಲ ಮಾತಾಡಿದ, ಎಲೆಯಡಿಕೆ ಹಾಕಿಕೊಂಡ, ಹೊರಡುವಾಗ ನನ್ನ ಮುಖ ನೋಡದೆ ಹೇಳಿದ:

"ನಿಮ್ಮಪ್ಪ ಇದ್ದಿದ್ರೆ ಅವನ ಬಾಯಲ್ಲಿ ಹೇಳುಸ್ತಿದ್ದೆ ಕಣವ್ವ. ಇವಳನ್ನೂ ನಿನ್ನಂಗೆ ಓದ್ಸು."

ಹುಡುಗಿ ನನ್ನ ಮನೆಯಲ್ಲೇ ಇದ್ದಾಳೆ. ನಾಳೆ ಕಾಲೇಜಿಗೆ ಸೇರಿಸಿ ಬರುತ್ತೇನೆ, ಅಪ್ಪ.