ಬದಲಿ ತೋಪಿನ ಬೇವು

ಬದಲಿ ತೋಪು, ಕೊಂಡಾಪುರದಾಚೆ
ಹೈದರಾಬಾದ್
24 ಮಾರ್ಚ್ 2008, ಸೋಮವಾರ

ನಮ್ಮ ಮನೆಯವರಿಗೆ ಸಾಬಮ್ಮನ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ನೀವು ನಂಬುವುದಿಲ್ಲ. ನೀವು ಚೆನ್ನಾಗಿದ್ದೀರಿ ಅಂತ ಯಂಕಮ್ಮ ಹೇಳಿದರೆ ನಾನೂ ನಂಬುವುದಿಲ್ಲ. ಆದ್ದರಿಂದ ಆ ಮಾತು ಇಬ್ಬರಿಗೂ ಬೇಡ. ಫೋನು ಹಚ್ಚಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ಲೇಬರ್ ಕ್ಯಾಂಪಿನಲ್ಲಿ ಅಡುಗೆ ಮಾಡುವ ಯಂಕಮ್ಮ ನಿಮ್ಮ ಕೈಗೇ ಕೊಡುತ್ತೇನೆ ಅಂತ ಆಣೆ ಮಾಡಿದ್ದಾಳೆ. ಹರಿದು ಒಗೆಯುವುದಾದರೆ ಓದಿ ಆದ ಮೇಲೆ ಒಗೆಯಿರಿ.

ಸಂಗತಿ ಇಷ್ಟು. ನಮ್ಮ ತೋಪು ಕೈಬಿಟ್ಟು ಹೋಗುತ್ತಿದೆ. ಶಹರದ ಹೊಸ ನಕ್ಷೆ ಬಂದಿದೆ, ಎಲ್ಲಿ ಏನು ಕಟ್ಟಬಹುದು, ಎಲ್ಲಿ ಕಟ್ಟಬಾರದು ಅಂತ ಬಣ್ಣ ಬಳಿದ ನಕ್ಷೆ. ಹಳೆಯದರಲ್ಲಿ ನಮ್ಮ ತೋಪು ಹಸಿರು ಇತ್ತು. ಹೊಸದರಲ್ಲಿ ಹಳದಿ ಆಗಿದೆ. ಹಳದಿ ಅಂದರೆ ಮನೆ. ನಿಮ್ಮ ಬಿಲ್ಡರು ಕಟ್ಟುವಂಥ ಮನೆ, ತಲೆ ಎತ್ತಿ ನೋಡಿದರೆ ಸೆರಗು ಜಾರಬೇಕು. ಯಾರ ಕೈತಪ್ಪಿನಿಂದ ಬಣ್ಣ ಬದಲಾಯಿತೋ, ಯಾರ ಕೈಚಳಕವೋ, ನನಗೆ ತಿಳಿಯದು. ತಕರಾರು ಇದ್ದವರು ಬಂದು ಹೇಳಬಹುದು ಅಂತ ಗೇಟಿಗೆ ತೆಲುಗು ಹಾಳೆ ಅಂಟಿಸಿ ಹೋಗಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿಕೊಂಡು ಹಿಂದಿನ ವಾರ ನಾಂಪಲ್ಲಿಯ ಕಚೇರಿಗೆ ಹೋದೆ.

ಅಲ್ಲಿಯ ದೊಡ್ಡ ಮೇಡಂ ಒಳ್ಳೆಯವರೇ. ಕೂಡ್ರಲು ಕುರ್ಚಿ ಕೊಟ್ಟರು. ಆ ಜಾಗಕ್ಕೂ ನಿನಗೂ ಏನು ಸಂಬಂಧ ಅಂತ ಕೇಳಿದರು. ಕಾಯುವವಳು ಅಂದೆ. ಆಮೇಲೆ ಬರುವಷ್ಟು ತೆಲುಗಿನಲ್ಲಿ ಎಲ್ಲ ಹೇಳಿದೆ. ಮಾದಾಪುರದಲ್ಲಿ ಕಂಪನಿಯವರು ಗಾಜಿನ ಕಟ್ಟಡ ಕಟ್ಟುವಾಗ ಅಲ್ಲಿದ್ದ ಹುಣಸೆ, ಹೊಂಗೆ, ಅರಳಿ, ಬೇವುಗಳನ್ನು ಕಡಿಯದೆ ಬೇರು ಸಮೇತ ಎತ್ತಿ ಇಲ್ಲಿ ನೆಡಬೇಕು, ಈ ಜಾಗದಲ್ಲಿ ಮುಂದೆಂದೂ ಒಂದು ಇಟ್ಟಂಗಿ ಇಡಬಾರದು ಅಂತ ಕರಾರು ಆಗಿತ್ತು, ಆ ಕರಾರಿನ ಮೇಲೆಯೇ ಅಲ್ಲಿ ಕಟ್ಟಲು ಪರವಾನಗಿ ಸಿಕ್ಕಿದ್ದು ಅಂದೆ. ಅಲ್ಲಿ ತೆಗೆದುಕೊಂಡದ್ದಕ್ಕೆ ಇಲ್ಲಿ ಕೊಟ್ಟದ್ದು. ಅದಕ್ಕೇ ನಾವು ಇದನ್ನು ಬದಲಿ ತೋಪು ಅನ್ನುವುದು.

ಆಗ ಈ ಜಾಗ ಬೇಕಾದ ಬಿಲ್ಡರನ ವಕೀಲ ಎದ್ದು ನಿಂತ. ಯಾವ ಮರವೂ ಇಲ್ಲಿಗೆ ಬರಲೇ ಇಲ್ಲ, ಎಲ್ಲ ಅಲ್ಲೇ ಸತ್ತು ಸೌದೆಯಾದವು, ಈಗಿರುವುದೆಲ್ಲ ತಾನಾಗಿ ಬೆಳೆದ ಕಾಡುಗಿಡ, ಕರಾರು ನಡೆದೇ ಇಲ್ಲವಾದ್ದರಿಂದ ಜಾಗಕ್ಕೆ ಕಟ್ಟುಪಾಡೂ ಇಲ್ಲ ಅಂದ. ಏಳು ವರ್ಷ ಕೊಡ ಹೊತ್ತ ನನ್ನ ಮುಖದ ಮೇಲೇ ಅಂದ. ಮೇಡಂ ನನ್ನ ಕಡೆ ತಿರುಗಿ, ಮರಗಳನ್ನು ಎತ್ತಿ ತಂದವರು ಯಾರಾದರೂ ಇದ್ದಾರಾ, ಅವರು ಬಂದು ಒಂದೊಂದು ಮರದ ಬುಡದಲ್ಲಿ ನಿಂತು ಇದು ಅಲ್ಲಿಂದ ಬಂದದ್ದು ಅಂತ ತೋರಿಸಬೇಕು ಅಂದರು. ಮೇಸ್ತ್ರಿ ಇದ್ದಾರೆ ಅಂದೆ. ಹೆಸರೇನು ಅಂದರು.

ನಾನು ಬಾಯಿ ಮುಚ್ಚಿಕೊಂಡು ನಿಂತೆ. ಗಂಡನ ಹೆಸರು ಹೇಗೆ ಹೇಳಲಿ? ವಕೀಲ ನಕ್ಕ, ಹೆಸರೇ ಗೊತ್ತಿಲ್ಲದ ಮೇಸ್ತ್ರಿ ಅಂದ. ಅಲ್ಲಿಯ ಗುಮಾಸ್ತ ಅಮರೇಶಪ್ಪ ನಮ್ಮ ರಾಯಚೂರು ಕಡೆಯವರು. ಅವರಿಗೆ ತಿಳಿಯಿತು. ನಾಚಬ್ಯಾಡ್ರೆವ್ವ, ಒಡಪು ಹಾಕಿ ಹೇಳ್ರಿ, ನಾ ಬರಕೋತೀನಿ ಅಂದರು. ಮದುವೆ ಚಪ್ಪರದಲ್ಲಿ ಹೇಳಿದ ಮೇಲೆ ಒಡಪು ಹೇಳಿದ್ದು ಅವತ್ತೇ. "ಬಂಡಿ ಮ್ಯಾಗ ಬಂದ್ವು ಮರ ಬೇರು ಸುದ್ದಾ, ಭೀಮಾಶಂಕರ ತಂದಾರ ಬುಡದ ಮಣ್ಣು ಸುದ್ದಾ" ಅಂದುಬಿಟ್ಟೆ. ಕಚೇರಿಗೆ ಕಚೇರಿಯೇ ನಕ್ಕಿತು. ನನಗೆ ಮಾತ್ರ ಯಾಕೋ ಕಣ್ಣು ತುಂಬಿದವು.

ವಕೀಲ ಅಷ್ಟಕ್ಕೇ ಬಿಡಲಿಲ್ಲ. ಮರ ಬಂದದ್ದು ಖರೆ ಅಂತಲೇ ಇಟ್ಟುಕೊಳ್ಳಿ, ಶಂಕರಪಲ್ಲಿ ದಾಟಿ ಇದರ ಎರಡು ಪಟ್ಟು ಜಾಗ ಕೊಡುತ್ತೇವೆ, ಮತ್ತೆ ಎತ್ತಿ ಅಲ್ಲಿ ನೆಟ್ಟರಾಯಿತು ಅಂದ. ನನಗೆ ಪಿತ್ತ ನೆತ್ತಿಗೇರಿತು. ಬದಲಿಗೆ ಮತ್ತೊಂದು ಬದಲಿ ಕೊಡ್ತೀರೇನ್ರಿ, ಸತ್ತವರನ್ನ ಎಷ್ಟು ಸಲ ಎತ್ತಿ ಎತ್ತಿ ಇಡೋದು ಅಂತ ಕನ್ನಡದಲ್ಲೇ ಕೂಗಿದೆ. ಸತ್ತವರು ಯಾರು ಅಂತ ಅಮರೇಶಪ್ಪ ಕೇಳಿದರು.

ನಿಮಗೆ ಹೇಳಬೇಕಾಗಿಲ್ಲ. ಮಾದಾಪುರದ ಲೇಬರ್ ಶೆಡ್ಡಿನ ಹಿಂದೆ, ಬೇವಿನ ಬುಡದಲ್ಲಿ ಭಾಗ್ಯಶ್ರೀಯನ್ನು ಮಲಗಿಸಿದವರು ನೀವೇ. ನಾಯಿ ಕೆದರಬಾರದು ಅಂತ ಮೇಲೆ ಗ್ರಾನೈಟ್ ಚೂರು ಜೋಡಿಸಿದವರೂ ನೀವೇ. ಅಂಬೆಗಾಲಿಡಲು ಆಗತಾನೇ ಕಲಿತಿದ್ದಳು. ಮರುವರ್ಷ ಆ ಬೇವನ್ನೂ ಎತ್ತುವ ಕೆಲಸ ನಿಮ್ಮ ಗ್ಯಾಂಗಿಗೇ ಬಂತು. ನಾನು ಇಲ್ಲಿ ಗುಂಡಿಗೆ ನೀರು ಹಾಕಿಕೊಂಡು ಕಾಯುತ್ತಿದ್ದೆ. ಟ್ರೇಲರಿನಿಂದ ಇಳಿದು ಬಂದು ನೀವು, ಅಂಜಬ್ಯಾಡ ಸಾಬವ್ವಾ, ಬುಡದ ಮಣ್ಣು ಒಂದು ಹಿಡಿನೂ ಬಿಡದಂಗ ತಂದೀನಿ, ಕೂಸೂ ಮರದ ಜೋಡಿ ಬಂದೈತಿ ಅಂದಿರಿ. ಅವತ್ತಿನಿಂದ ನಾನು ಈ ಬೇವಿನ ನೆರಳು ಬಿಟ್ಟು ಎಲ್ಲೂ ಹೋಗಿಲ್ಲ. ನೀವು ಮಾತ್ರ ಮೊದಲು ವಾರಕ್ಕೊಮ್ಮೆ ಬಂದಿರಿ, ಆಮೇಲೆ ಹಬ್ಬಕ್ಕೆ ಬಂದಿರಿ, ಆಮೇಲೆ ಹಬ್ಬವನ್ನೂ ಮರೆತಿರಿ.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ಮಟಮಟ ಮಧ್ಯಾಹ್ನ ಹೊರಗೆ ತಿರುಗಬಾರದು ಅಂತ ನಮ್ಮ ಗುರುಮಠಕಲ್ಲಿನಲ್ಲಿ ಹಿರಿಯರು ಹೇಳುತ್ತಿದ್ದರಲ್ಲ, ಆ ಹೊತ್ತಿಗೇ ಅವಳು ಬರುತ್ತಾಳೆ. ಮೊದಲು ಅಳಿಲುಗಳ ಸದ್ದು ನಿಲ್ಲುತ್ತದೆ. ಆಮೇಲೆ ನನ್ನ ಎಡ ಸೊಂಟ ಭಾರವಾಗುತ್ತದೆ. ನೋವು ಅಲ್ಲ, ಡಾಕ್ಟರಿಗೆ ತೋರಿಸಿದ್ದೇನೆ. ಕೂಸು ಕೂತ ಭಾರ. ಆ ಕಡೆ ಕೊಡ ಇಟ್ಟುಕೊಳ್ಳಲು ಆಗುವುದಿಲ್ಲ. ಬದುಕಿದ್ದರೆ ಈಗ ಶಾಲೆಗೆ ಹೋಗುತ್ತಿದ್ದಳು. ನನ್ನ ತಲೆ ನರೆಯಿತು, ಅವಳ ಭಾರ ಮಾತ್ರ ಅವತ್ತಿನಷ್ಟೇ ಇದೆ.

ನನಗೆ ತಲೆ ಕೆಟ್ಟಿದೆ ಅನ್ನುತ್ತೀರಿ. ಅನ್ನಿ. ಮೊನ್ನೆ ಅಳತೆಯವರು ಮೂರು ಕಾಲಿನ ದುರ್ಬೀನು ತಂದು ಬೇವಿನ ಮೇಲೆ ಸುಣ್ಣದ ಗುರುತು ಹಾಕುತ್ತಿದ್ದರು. ಅವರಲ್ಲಿ ಒಬ್ಬ, ಅಮ್ಮಾ, ಬಚ್ಚಾ ಕಿಸ್ಕಾ ಹೈ, ಧೂಪ್ ಮೇ ಛೋಡ್ ದಿಯಾ ಅಂತ, ಅಳುವ ಕೂಸನ್ನು ಬಿಸಿಲಿಗೆ ಬಿಟ್ಟೆ ಅಂತ, ನನ್ನನ್ನೇ ಬೈದ. ಯಾವ ಕೂಸೂ ಇಲ್ಲವಪ್ಪಾ ಅಂದೆ. ಅವನು ಮರದ ಹಿಂದೆ ಹೋಗಿ ನೋಡಿ ಬಂದ. ನೀರು ಕೊಟ್ಟರೆ ಕುಡಿಯದೆ ಲೋಟ ನೆಲಕ್ಕಿಟ್ಟ. ಊಟಕ್ಕೆ ಹೋದವನು ತಿರುಗಿ ಬರಲಿಲ್ಲ. ನನಗೆ ಅವನ ಮೇಲೆ ಅಕ್ಕರೆ ಬಂತು. ನನ್ನ ಹೊರತು ಅವಳು ಬಂದದ್ದು ತಿಳಿದದ್ದು ಅವನೊಬ್ಬನಿಗೇ.

ಬರುವ ಸೋಮವಾರ ಮೇಡಂ ತೋಪಿಗೇ ಬರುತ್ತಾರೆ, ವಕೀಲನೂ ಬರುತ್ತಾನೆ. ನೀವು ಬಂದು ನಿಂತು ಹೇಳಿದರೆ ನಕ್ಷೆಯಲ್ಲಿ ಮತ್ತೆ ಹಸಿರು ಆಗುತ್ತದೆ ಅಂತ ಅಮರೇಶಪ್ಪ ಹೇಳಿದ್ದಾರೆ. ಬರದಿದ್ದರೆ ವಕೀಲನ ಮಾತೇ ಮಾತು, ಮಳೆಗಾಲಕ್ಕೆ ಮೊದಲು ಬುಲ್ಡೋಜರು. ನೀವು ಬಿಲ್ಡರುಗಳ ಉಪ್ಪು ತಿನ್ನುತ್ತಿದ್ದೀರಿ, ಅವರ ಮುಂದೆ ಬಾಯಿ ತೆರೆಯುವುದು ಕಷ್ಟ ಅಂತ ತಿಳಿಯುತ್ತದೆ. ಆದರೆ ಉಪ್ಪು ಎಲ್ಲಿಯಾದರೂ ಸಿಗುತ್ತದೆ ರೀ. ಜೋಳದ ರೊಟ್ಟಿ ಬಡಿದು ಇಟ್ಟಿರುತ್ತೇನೆ. ಶೇಂಗಾ ಚಟ್ನಿಯೂ ಇದೆ. ಸಿಟ್ಟು ಮಾಡುವುದಿದ್ದರೆ ಉಂಡು ಆದ ಮೇಲೆ ಮಾಡಿ.

ದಾರಿ ಕಾಯುತ್ತಿರುವ,
ನಿಮ್ಮ ಸಾಬವ್ವ

ತಾ.ಕ.: ಕಾಗದ ಮಡಚಿ ಯಂಕಮ್ಮನಿಗೆ ಕೊಟ್ಟಿದ್ದೆ, ತಿರುಗಿ ಇಸಿದುಕೊಂಡೆ. ಉಪ್ಪಿನ ಮಾತು ಸುಮ್ಮನೆ ಬರೆದದ್ದು. ನೀವು ಬಾರದಿರುವುದು ಬಿಲ್ಡರಿಗೆ ಅಂಜಿ ಅಲ್ಲ, ನನಗೆ ಅಂಜಿ. ಒಂದೊಂದೇ ಮರ ತೋರಿಸುತ್ತ ಬೇವಿನ ಹತ್ತಿರ ಬಂದಾಗ ನನ್ನ ಎದುರು ಏನು ಹೇಳುವುದು ಅಂತ ಅಂಜುತ್ತೀರಿ. ಇದು ಆ ಬೇವು ಅಲ್ಲ. ಅವತ್ತೇ ನನಗೆ ಗೊತ್ತಾಯಿತು. ಕೂಸಿಗೆ ಜ್ವರ ಏರಿದಾಗ ಕಷಾಯಕ್ಕೆ ಅಂತ ಆ ಮರದ ತೊಗಟೆ ಕೆತ್ತಿದ್ದೆ, ನನ್ನ ಎರಡು ಅಂಗೈಯಷ್ಟು ಅಗಲ. ನೀವು ಟ್ರೇಲರಿನಿಂದ ಇಳಿಸಿದ ಮರಕ್ಕೆ ಗಾಯವೇ ಇರಲಿಲ್ಲ. ಸುತ್ತಲೂ ತಡವಿ ನೋಡಿದೆ. ನಿಮ್ಮ ಕಣ್ಣು ಕೆಂಪಾಗಿದ್ದವು, ಉಗುರುಗಳಲ್ಲಿ ರಕ್ತ ಇತ್ತು. ಆ ಬೇವಿಗೋ ಕೂಸಿಗೋ ಕೈಯಿಂದಲೇ ಎಷ್ಟು ಬಗೆದಿರೋ ಪಾಪ. ಅದಕ್ಕೇ ಏನೂ ಕೇಳಲಿಲ್ಲ.

ನಮ್ಮ ಕೂಸು ಆ ಗಾಜಿನ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಕಡೆ ಇದ್ದಾಳೆ. ಹಾಗಾದರೆ ಮಧ್ಯಾಹ್ನಕ್ಕೆ ಇಲ್ಲಿಗೆ ಬರುವವಳು ಮಾದಾಪುರದಿಂದ ಅಂಬೆಗಾಲಿಟ್ಟುಕೊಂಡೇ ಬರುತ್ತಾಳೆ, ಅಷ್ಟೂ ದೂರ, ಆ ಬಿಸಿಲಿನಲ್ಲಿ. ಈ ತೋಪೂ ಹೋದರೆ ಅವಳು ನನ್ನನ್ನು ಎಲ್ಲಿ ಹುಡುಕಬೇಕು?

ಸೋಮವಾರ ಖರೆ ಹೇಳಿ. ಹುಣಸೆ ಬಂತು, ಹೊಂಗೆ ಬಂತು, ಅರಳಿ ಬಂತು, ಬೇವು ಬರಲಿಲ್ಲ, ಅದರ ಬದಲು ಇದನ್ನು ತಂದು ನೆಟ್ಟೆ ಅಂತ ಹೇಳಿ. ಒಂದು ಸುಳ್ಳು ಸಿಕ್ಕರೆ ಆ ವಕೀಲ ಎಲ್ಲ ಮರಗಳನ್ನೂ ಸುಳ್ಳು ಮಾಡುತ್ತಾನೆ. ನಾನು ಅಲ್ಲೇ ನಿಂತಿರುತ್ತೇನೆ, ಅಳುವುದಿಲ್ಲ. ಅತ್ತರೂ ನೀವು ನಿಲ್ಲಿಸಬೇಡಿ, ಪೂರ್ತಿ ಹೇಳಿ.